ಬ್ಲ್ಯಾಂಕ್ ವೆಲ್‌ಗೆ ನಾನು ಹಾಕಿದ್ದು ನೀರು

ಔಷಧಿ ಗಿಡಗಳ ಎಕ್ಸ್‌ಟ್ರಾಕ್ಟ್ (ಗಿಡದಿಂದ ತೆಗೆದ ಸಾರ) ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತಾ ಅಂತ ಟೆಸ್ಟ್ ಮಾಡೋದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಮಾಡಿದ ಒಂದು ತಪ್ಪು ಬರೀತಿದೀನಿ, ಈ ಲೈನಿಗೆ ಬರೋ ಎಂಎಸ್ಸಿ ಹುಡುಗರಿಗೆ ಉಪಯೋಗಕ್ಕೆ ಬರಲಿ ಅಂತ.

ಮೊದಲು ಕೈಗೆ ಸಿಕ್ಕಿದ್ದು ಲಕ್ಕಿ ಸೊಪ್ಪು. ನಮ್ಮನೇಲಿ ಬಾಣಂತಿ ನೀರಿಗೆ ಈ ಸೊಪ್ಪು ಹಾಕೇ ಕಾಯಿಸೋದು, ಹಂಗಾಗಿ ರಿಸಲ್ಟ್ ಬರ್ಲೇಬೇಕು ಅಂತ ಮನಸ್ಸಲ್ಲಿ ಇತ್ತು. ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಮೆಥನಾಲ್‌ನಲ್ಲಿ ಸಾಕ್ಸ್‌ಲೆಟ್‌ಗೆ (ದ್ರಾವಕ ಮತ್ತೆ ಮತ್ತೆ ಹಾಯಿಸಿ ಸಾರ ತೆಗೆಯೋ ಗಾಜಿನ ಸಲಕರಣೆ) ಹಾಕಿ, ಬಂದಿದ್ದನ್ನ ರೋಟರಿ ಇವಾಪೊರೇಟರಲ್ಲಿ ಮೆಥನಾಲ್ ಆವಿ ಮಾಡಿ ಇಳಿಸಿದ್ರೆ ತಳದಲ್ಲಿ ಕಡುಹಸಿರು ಅಂಟು ಉಳಿಯುತ್ತೆ, ಅದನ್ನ ಮತ್ತೆ ಮೆಥನಾಲಲ್ಲೇ ಕರಗಿಸಿ, ಮ್ಯುಲ್ಲರ್ ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ) ಮೇಲೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಸ್ವಾಬ್ ಮಾಡಿ, 6 ಮಿಮೀ ವೆಲ್ (ಗುಂಡಿ) ಕೊರೆದು 100 ಮೈಕ್ರೋಲೀಟರ್ ಹಾಕಿದೆ. ಮಾರನೇ ದಿನ ನೋಡಿದ್ರೆ 14 ಮಿಮೀ ಝೋನ್, ಅಂದ್ರೆ ವೆಲ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ! ಓಡಿಹೋಗಿ ಮೇಡಂಗೆ ತೋರಿಸಿದೆ. ಅವರು ಪ್ಲೇಟ್ ತಿರುಗಿಸಿ ಹಿಂಬದಿಯಿಂದ ನೋಡಿ, 'ಬ್ಲ್ಯಾಂಕಿಗೆ ಏನ್ ಹಾಕಿದೀಯಪ್ಪ?' ಅಂದ್ರು. ಬ್ಲ್ಯಾಂಕ್ ಅಂದ್ರೆ ಹೋಲಿಕೆಗೆ ಇಡೋ, ಎಕ್ಸ್‌ಟ್ರಾಕ್ಟ್ ಇಲ್ಲದ ವೆಲ್.

'ಡಿಸ್ಟಿಲ್ಡ್ ವಾಟರ್ ಮೇಡಂ.'

'ಎಕ್ಸ್‌ಟ್ರಾಕ್ಟ್ ಕರಗಿಸಿದ್ದು ಯಾವುದರಲ್ಲಿ?'

ಮಾತೇ ಹೊರಡಲಿಲ್ಲ. ಕರಗಿಸಿದ ಮೆಥನಾಲೇ ಬ್ಲ್ಯಾಂಕಿಗೂ ಹೋಗಬೇಕಿತ್ತು. ಮೆಥನಾಲ್ ಬ್ಲ್ಯಾಂಕ್ ಇಟ್ಟು ಮತ್ತೆ ಮಾಡಿದೆ, ಬರೀ ಮೆಥನಾಲೇ 10 ಮಿಮೀ ಝೋನ್ ಕೊಡ್ತು. ಅಂಟನ್ನ ತೂಕ ಬದಲಾಗದಿರೋವರೆಗೂ ಒಣಗಿಸಿ, 10% ಡಿಎಂಎಸ್‌ಒ ಅನ್ನೋ ಬೇರೆ ದ್ರಾವಕದಲ್ಲಿ ಕರಗಿಸಿ, ಅದೇ ಡಿಎಂಎಸ್‌ಒ ಬ್ಲ್ಯಾಂಕ್ ಜೊತೆ ಇಟ್ಟಾಗ ಸೊಪ್ಪಿನ ಝೋನ್ 9 ಮಿಮೀಗೆ ಇಳೀತು, ಅದರಲ್ಲೂ 6 ಮಿಮೀ ವೆಲ್‌ದೇ. ಬೇಜಾರಾಯ್ತು, ಆದ್ರೆ ಸೊಪ್ಪಿನದು ಅಂತ ಧೈರ್ಯವಾಗಿ ಹೇಳಬಹುದಾದ ಸಂಖ್ಯೆ ಅದೊಂದೇ.

ಆಮೇಲೆ ಇನಾಕ್ಯುಲಮ್‌ಗೂ (ಪ್ಲೇಟಿಗೆ ಸವರೋ ಬ್ಯಾಕ್ಟೀರಿಯಾ ದ್ರವ) ಕಣ್ಣಳತೆ ಬಿಟ್ಟೆ. ಅದರ ಮಬ್ಬನ್ನ 0.5 ಮ್ಯಾಕ್‌ಫರ್ಲ್ಯಾಂಡ್ ಅನ್ನೋ ಅಳತೆಗೆ ಸರಿಯಾಗಿ ಹೊಂದಿಸ್ಬೇಕು, ತೆಳುವಾದ್ರೆ ಝೋನ್ ಸುಮ್ಮನೆ ದೊಡ್ಡದಾಗುತ್ತೆ. ಜೊತೆಗೆ 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಆ್ಯಂಟಿಬಯೋಟಿಕ್ ಡಿಸ್ಕ್ ಇಡ್ತೀನಿ, ಎಟಿಸಿಸಿ 25923 ಅನ್ನೋ ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ಪ್ರಮಾಣಿತ ಸ್ಟ್ರೇನ್‌ಗೆ ಅದರ ಝೋನ್ 19ರಿಂದ 27 ಮಿಮೀ ಒಳಗೆ ಬರದಿದ್ರೆ ಆ ದಿನದ ಪ್ಲೇಟನ್ನ ನಂಬೋದೇ ಇಲ್ಲ.

ಇನ್ನೊಂದು ಮಾತು, ಝೋನ್ ಬರಲಿಲ್ಲ ಅಂದ ಮಾತ್ರಕ್ಕೆ ಗಿಡದಲ್ಲಿ ಏನೂ ಇಲ್ಲ ಅಂತ ಬರೆದುಬಿಡಬೇಡಿ. ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಕರಗೋದೇ ಕಷ್ಟ, ಅಗರಲ್ಲಿ ಹರಡದೆ ವೆಲ್ ಸುತ್ತ ಹಳದಿ ಉಂಗುರವಾಗಿ ಕೂತುಬಿಡುತ್ತೆ. ಅಂಥದ್ದಕ್ಕೆ 96 ವೆಲ್ ಪ್ಲೇಟಲ್ಲಿ ಬ್ರಾತ್ (ಬ್ಯಾಕ್ಟೀರಿಯಾಗೆ ದ್ರವ ಆಹಾರ) ಹಾಕಿ ಅರ್ಧರ್ಧ ಡೈಲ್ಯೂಟ್ ಮಾಡ್ತಾ ಹೋಗಿ ಎಂಐಸಿ (ಬೆಳವಣಿಗೆ ನಿಲ್ಲಿಸೋ ಕನಿಷ್ಠ ಪ್ರಮಾಣ) ನೋಡ್ಬೇಕು. ಕೊನೇಲಿ ರೆಸಾಜ಼ುರಿನ್ ಅನ್ನೋ ನೀಲಿ ಬಣ್ಣ ಹಾಕಿದ್ರೆ ಬ್ಯಾಕ್ಟೀರಿಯಾ ಬೆಳೆದ ಕಡೆ ನೀಲಿ ಹೋಗಿ ಗುಲಾಬಿ ಆಗುತ್ತೆ. ಆದ್ರೆ ಅರಿಶಿನದ ಹಳದಿ ಜೊತೆ ಆ ನೀಲಿ ಸೇರಿ ಹಸಿರು ಕಾಣುತ್ತೆ, ಅದಕ್ಕೇ ಬ್ಯಾಕ್ಟೀರಿಯಾ ಹಾಕದ ಬರೀ ಎಕ್ಸ್‌ಟ್ರಾಕ್ಟಿನ ಒಂದು ಸಾಲು ಪಕ್ಕದಲ್ಲೇ ಇಟ್ಟು, ಎರಡೂ ಸಾಲಿನ ಬಣ್ಣ ಹೋಲಿಸಿ ನೋಡಿದ ಮೇಲೇ ನಾನು ರಿಜಿಸ್ಟರಲ್ಲಿ ಬರೆಯೋದು.