ಬಸುರಿಗೆ ಬೇರೆ ಬಟ್ಟೆ ಯಾಕೆ ಅಂತ ಕೇಳುವವರಿಗೆ

"ಒಂಬತ್ತು ತಿಂಗಳಿಗೆ ಅಂತ ಬೇರೆ ಬಟ್ಟೆ ಯಾಕೆ? ಹಿಂದಿನವರೆಲ್ಲ ಇದ್ದ ಬಟ್ಟೆಯಲ್ಲೇ ಬಸುರು ಕಳೆದಿಲ್ವಾ?"

ನಾನು ಬಸುರಿಯರ ಬಟ್ಟೆ ಹೊಲಿಯುತ್ತೇನೆ ಅಂತ ಗೊತ್ತಾದ ಐದು ನಿಮಿಷಕ್ಕೆ ಈ ಪ್ರಶ್ನೆ ಬರುತ್ತದೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಎಲ್ಲ ಕಡೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಸಲ ಬರೆದು ಇಡುತ್ತಿದ್ದೇನೆ.

ಮೊದಲು ಆ "ಇದ್ದ ಬಟ್ಟೆ" ಹೇಗಿತ್ತು ಅಂತ ನೋಡಿ. 18ನೇ ಶತಮಾನದ ಯುರೋಪಿನ ಹೆಂಗಸರ ಲಂಗ ಸೊಂಟಕ್ಕೆ ಲಾಡಿಯಲ್ಲಿ ಕಟ್ಟುವಂಥದ್ದು. ಮೇಲೆ ಮೈಗೆ ಬಿಗಿಯುವ ಒಳ ಉಡುಪಿಗೂ ಸಾಲಾಗಿ ತೂತು, ಅದಕ್ಕೆ ದಾರ. ಹೊಟ್ಟೆ ಬಂದ ಹಾಗೆಲ್ಲ ಲಾಡಿ ಸಡಿಲ ಮಾಡು, ದಾರ ಸಡಿಲ ಮಾಡು, ಮುಂದೆ ಸಂದು ಬಿಟ್ಟರೆ ಮೇಲೊಂದು ಏಪ್ರನ್ ಕಟ್ಟು. ಹೆರಿಗೆ ಆದಮೇಲೆ ಎಲ್ಲ ಮತ್ತೆ ಬಿಗಿ. ಅಂದರೆ ದಿನಾ ಹಾಕುವ ಬಟ್ಟೆಯೇ ಬಸುರಿಗೂ ಆಗುತ್ತಿತ್ತು. ಈಗಿನ ಪ್ಯಾಂಟಿಗೆ ಒಂದು ಜಿಪ್ಪು, ಒಂದು ಗುಂಡಿ. ಅರ್ಧ ಇಂಚು ಕೇಳಿದರೂ ಕೊಡಲ್ಲ. ನಂಬರಿನ ಲೆಕ್ಕದ ರೆಡಿಮೇಡ್ ಬಟ್ಟೆ ಬಂತು, ಲಾಡಿ ಹೋಯಿತು, ಬಸುರಿಗೆ ಬೇರೆ ಬಟ್ಟೆ ಬೇಕೇ ಬೇಕಾಯಿತು. ಹಿಂದಿನವರು ಗಟ್ಟಿ, ಈಗಿನವರು ನಾಜೂಕು ಅನ್ನುವವರು ತಮ್ಮ ಪ್ಯಾಂಟಿನ ಸೊಂಟದಲ್ಲಿ ಎಷ್ಟು ಜಾಗ ಉಳಿದಿದೆ ಅಂತ ಒಮ್ಮೆ ಬೆರಳು ಹಾಕಿ ನೋಡಲಿ.

ಹಾಗಂತ ಹಿಂದಿನವರು ಹಾಯಾಗಿದ್ದರು ಅಂತಲೂ ಅಲ್ಲ. 19ನೇ ಶತಮಾನದಲ್ಲಿ ಬಸುರಿಯರಿಗೆ ಅಂತಲೇ ಕಾರ್ಸೆಟ್, ಅಂದರೆ ಮೈಗೆ ಬಿಗಿಯುವ ಆ ಒಳ ಉಡುಪು, ಮಾರುತ್ತಿದ್ದರು. ಪಕ್ಕದಲ್ಲೂ ದಾರ ಇಟ್ಟು ಅಗಲ ಮಾಡಿಕೊಳ್ಳಬಹುದಿತ್ತು, ಸರಿ. ಆದರೆ ಒಳಗೆ ಗಟ್ಟಿ ಪಟ್ಟಿಗಳು ಇದ್ದೇ ಇದ್ದವು. ನೆನೆಸಿಕೊಂಡರೆ ನನಗೇ ಉಸಿರು ಕಟ್ಟುತ್ತದೆ.

ಈ ಕಥೆಯಲ್ಲಿ ನನಗೆ ತುಂಬ ಇಷ್ಟದವಳು ಲೀನಾ ಬ್ರಯಂಟ್. ಲಿಥುವೇನಿಯಾದಿಂದ ನ್ಯೂಯಾರ್ಕಿಗೆ ಬಂದವಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಹೋದ, ಕೈಯಲ್ಲಿ ಸಣ್ಣ ಮಗು. ಹೊಲಿದೇ ಬದುಕಿದಳು. 1904ರ ಹೊತ್ತಿಗೆ ಅಂಗಡಿ ಇಟ್ಟಳು. ಬಸುರಿ ಗಿರಾಕಿಯೊಬ್ಬಳು ಹೊರಗೆ ಹಾಕಿಕೊಂಡು ಹೋಗುವಂಥದ್ದು ಬೇಕು ಅಂದಾಗ, ಸಣ್ಣ ನೆರಿಗೆಯ ಲಂಗಕ್ಕೆ ಎಲಾಸ್ಟಿಕ್ ಸೇರಿಸಿ ಉಡುಪು ಮಾಡಿಕೊಟ್ಟಳು. ಆದರೆ ಇದರ ಜಾಹೀರಾತು ಹಾಕಲು ಪತ್ರಿಕೆಗಳು ಒಪ್ಪಲಿಲ್ಲ. ಬಸುರು ಅನ್ನುವುದು ಅಚ್ಚು ಹಾಕುವ ವಿಷಯವೇ ಅಲ್ಲ ಅಂತ. ಕೊನೆಗೆ 1911ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಒಪ್ಪಿತು. ಮಾರನೇ ದಿನವೇ ಅಂಗಡಿಯಲ್ಲಿದ್ದ ಸರಕೆಲ್ಲ ಖಾಲಿ. ಯಾರಿಗೂ ಬೇಡವಾಗಿದ್ದರೆ ಹೀಗಾಗುತ್ತಿತ್ತಾ ಹೇಳಿ.

ಇನ್ನೊಂದು, ಕತ್ತರಿ ಹಿಡಿದವರಿಗೆ ಮಾತ್ರ ಪೂರ್ತಿ ಅರ್ಥವಾಗುವಂಥದ್ದು. ಮಾಮೂಲಿ ಲಂಗವನ್ನು ಏಳು ತಿಂಗಳ ಬಸುರಿಗೆ ಹಾಕಿ ಪಕ್ಕದಿಂದ ನೋಡಿ. ಹೊಟ್ಟೆಯ ಉಬ್ಬಿಗೆ ಬಟ್ಟೆ ಖರ್ಚಾಗಿ ಮುಂದಿನ ಅಂಚು ಎರಡು ಮೂರು ಇಂಚು ಮೇಲೆ ಹೋಗಿರುತ್ತದೆ, ಹಿಂದಿನದು ಇದ್ದಲ್ಲೇ ಇರುತ್ತದೆ. ಸೊಂಟವನ್ನು ಎಷ್ಟೇ ಅಗಲ ಮಾಡಿದರೂ ಇದು ಸರಿಹೋಗಲ್ಲ. 1938ರಲ್ಲಿ ಅಮೆರಿಕದ ಡಲ್ಲಾಸಿನ ಎಲ್ಸಿ ಫ್ರಾಂಕ್‌ಫರ್ಟ್ ಬಸುರಿ ಅಕ್ಕನಿಗೋಸ್ಕರ ಏನು ಮಾಡಿದಳು ಗೊತ್ತಾ? ಲಂಗದ ಮುಂದೆ, ಹೊಟ್ಟೆ ಇರುವ ಕಡೆ, ಕಿಟಕಿಯ ಹಾಗೆ ಕತ್ತರಿಸಿಯೇ ಬಿಟ್ಟಳು. ಹೊಟ್ಟೆ ಆ ಕಿಟಕಿಯಲ್ಲಿ ಆರಾಮಾಗಿ ಕೂತಿತು, ಕೆಳಗಿನ ಅಂಚು ಸುತ್ತಲೂ ಒಂದೇ ಸಮ ನಿಂತಿತು, ಮೇಲೆ ಸಡಿಲ ಅಂಗಿ ಬಂತು. ಪೇಜ್ ಬಾಯ್ ಅನ್ನುವ ಕಂಪನಿ ಶುರುವಾಗಿದ್ದೇ ಇದರಿಂದ. ಸುಮ್ನೆ ಹೇಳುತ್ತಿಲ್ಲ, ಇದನ್ನು ಮೊದಲ ಸಲ ಓದಿದ ದಿನ ನಾನು ಮಿಷನ್ ನಿಲ್ಲಿಸಿ ಎದ್ದು ಓಡಾಡಿಬಿಟ್ಟೆ. ಅಷ್ಟು ಖುಷಿ.

ಆಮೇಲೆ ಎರಡನೇ ಪ್ರಶ್ನೆ. "ಆಗ ಮುಚ್ಚಿಕೊಳ್ಳುತ್ತಿದ್ದರು, ಈಗ ಎತ್ತಿ ತೋರಿಸ್ತಾರೆ, ಯಾಕೆ?" ಈ "ಎತ್ತಿ ತೋರಿಸ್ತಾರೆ" ಅನ್ನುವುದೇ ನನಗೆ ಆಗಲ್ಲ. ಹೊಟ್ಟೆ ಇದೆ, ಕಾಣುತ್ತದೆ, ಅಷ್ಟೇ ಅಲ್ವಾ? ಮುಚ್ಚಿದ್ದು ನಿಜ. 1952ರಲ್ಲಿ ಅಮೆರಿಕದ ನಟಿ ಲೂಸಿಲ್ ಬಾಲ್ ನಿಜವಾಗಿ ಬಸುರಿಯಾಗಿದ್ದಾಗ ಅವಳ ಟಿವಿ ಧಾರಾವಾಹಿಯಲ್ಲೂ ಬಸುರಿಯಾದಳು, ಆದರೆ ಬಸುರಿ ಅನ್ನುವ ನೇರ ಮಾತನ್ನು ಚಾನೆಲ್ಲಿನವರು ಆಡಗೊಡಲಿಲ್ಲ. ಆ ಕಾಲದ ಬಸುರಿ ಅಂಗಿ ಗುಡಾರದ ಹಾಗೆ, ನೋಡುವವರ ಕಣ್ಣು ಮೇಲೆ ಹೋಗಲಿ ಅಂತ ಕುತ್ತಿಗೆ ಹತ್ತಿರ ದೊಡ್ಡ ಬೋ. 1991ರ ಆಗಸ್ಟಿನಲ್ಲಿ ವ್ಯಾನಿಟಿ ಫೇರ್ ಪತ್ರಿಕೆಯ ಮುಖಪುಟಕ್ಕೆ ಸಿನಿಮಾ ನಟಿ ಡೆಮಿ ಮೂರ್ ತುಂಬಿದ ಹೊಟ್ಟೆಯಲ್ಲಿ ಬಟ್ಟೆಯಿಲ್ಲದೆ ನಿಂತಳು. ಕೆಲವು ಅಂಗಡಿಗಳಲ್ಲಿ ಅದನ್ನು ಕವರಿನೊಳಗಿಟ್ಟು ಮಾರಿದರು. ಎಲ್ಲ ಬದಲಾಗಿದ್ದು ಆ ಫೋಟೋದಿಂದ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ಫೋಟೋ ಧೈರ್ಯ ಕೊಟ್ಟಿರಬಹುದು, ಅಂಗಿ ಕೊಡಲಿಲ್ಲ. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ಅನ್ನುವ ಹಿಗ್ಗುವ ನೂಲು ಮಾಡಿದ್ದಕ್ಕೆ ತಾನೆ ಇವತ್ತು ಹೊಟ್ಟೆ ಜೊತೆ ಹಿಗ್ಗಿ ಮತ್ತೆ ಕುಗ್ಗುವ ಬಟ್ಟೆ ನನ್ನ ಕೈಗೆ ಸಿಗುತ್ತಿರುವುದು? ಹಿಗ್ಗದ ಬಟ್ಟೆಯಲ್ಲಿ ಮೈಗೆ ಅಂಟುವ ಬಸುರಿ ಅಂಗಿ ಹೊಲಿದು ತೋರಿಸಿ, ನೋಡೋಣ.

ನನಗೆ ಕೋಪ ಬರುವುದು ಬೇರೆ ಕಾರಣಕ್ಕೆ. ಮುಚ್ಚಬೇಕಾ, ತೋರಿಸಬೇಕಾ ಅಂತ ಕೇಳುವವರೆಲ್ಲ ಎದುರಿಗೆ ನಿಂತು ನೋಡುವವರು. ಬಟ್ಟೆಯ ಒಳಗಿರುವವಳನ್ನು ಯಾರೂ ಕೇಳಲ್ಲ.

ಒಂದು ಸಲ ಏಳು ತಿಂಗಳ ಬಸುರಿ ಹುಡುಗಿಯೊಬ್ಬಳು ಬಂದಳು. ಜೊತೆಗೆ ಅತ್ತೆ, ನಾದಿನಿ. ಅತ್ತೆ, "ಹೊಟ್ಟೆ ಎದ್ದು ಕಾಣಬಾರದು, ಹಾಗೆ ಹೊಲಿಯಮ್ಮ" ಅಂದರು. ನಾದಿನಿ, "ಅಯ್ಯೋ ಅಮ್ಮ, ಈಗ ಯಾರೂ ಮುಚ್ಚಲ್ಲ, ಶೇಪ್ ಕಾಣಲಿ ಬಿಡು" ಅಂದಳು. ಇಬ್ಬರದೂ ಕಾಲು ಗಂಟೆ ಜಗಳ. ಹುಡುಗಿ ಬಾಯಿ ಬಿಡಲಿಲ್ಲ. ನಾನು ಸ್ಟೂಲು ಎಳೆದು "ಕೂತ್ಕೊ" ಅಂದೆ. ಕೂತ ತಕ್ಷಣ ಅವಳ ಹೆಬ್ಬೆರಳು ತಾನಾಗಿ ಎಲಾಸ್ಟಿಕ್ ಒಳಗೆ ಹೋಗಿ ಅದನ್ನು ಕೆಳಗೆ ತಳ್ಳಿತು. ಅಳತೆ ತೆಗೆಯುವಾಗ ನೋಡಿದರೆ ಹೊಟ್ಟೆ ಸುತ್ತ ಕೆಂಪು ಗೆರೆ, ಎಲಾಸ್ಟಿಕ್ಕಿನ ಹಲ್ಲು ಹಲ್ಲು ಅಚ್ಚು. ದಿನಕ್ಕೆ ಎಂಟು ಗಂಟೆ ಕೂತು ಕೆಲಸ ಮಾಡುತ್ತಾಳಂತೆ.

ಕೂತಾಗ ಹೇಗಿರುತ್ತದೆ ಅಂತ ಕೇಳಿ ನನ್ನನ್ನು. ಈ ಪ್ರಶ್ನೆಗೆ ಬೇಕಾದರೆ ದಿನವಿಡೀ ಉತ್ತರ ಹೇಳುತ್ತೇನೆ. ನಿಂತಾಗಿನ ಅಳತೆ, ಕೂತಾಗಿನ ಅಳತೆ ಎರಡೂ ಬರೆದುಕೊಳ್ಳುತ್ತೇನೆ, ಎರಡರ ನಡುವೆ ತುಂಬ ವ್ಯತ್ಯಾಸ ಇರುತ್ತದೆ. ಸೊಂಟದ ಎಲಾಸ್ಟಿಕ್ ಪಟ್ಟಿಯನ್ನು ಹೊಟ್ಟೆಯ ಮಧ್ಯಕ್ಕೆ ತರಬಾರದು. ಪೂರ್ತಿ ಕೆಳಗಿರಬೇಕು, ಇಲ್ಲ ಪೂರ್ತಿ ಮೇಲೆ ಹೋಗಬೇಕು.

ಅವಳಿಗೆ ಪಟ್ಟಿ ಕೆಳಗೆ ಇಟ್ಟೆ, ಮುಂಭಾಗಕ್ಕೆ ಮೂರು ಇಂಚು ಜಾಸ್ತಿ ಬಿಟ್ಟೆ. ಅತ್ತೆ, ನಾದಿನಿ ಹೊರಗೆ ಹೋದಮೇಲೆ ಹುಡುಗಿ ಮೆಲ್ಲಗೆ ಕೇಳಿದಳು, "ಅಕ್ಕಾ, ಜೇಬು ಇಡ್ತೀರಾ?"

ಎರಡು ಇಟ್ಟೆ, ಫೋನು ಹಿಡಿಯುವಷ್ಟು ಆಳ.