ಸೆರಗಿನ ಹಿಂಬದಿ ತೋರಿಸ್ರಿ

ಕೊಥ್ರೂಡ್, ಪುಣೆ
ಭಾನುವಾರ, 12 ಅಕ್ಟೋಬರ್ 2025

ದೀಪಾವಳಿಗೆ ಇನ್ನೊಂದು ವಾರ. ಲಕ್ಷ್ಮಿ ರೋಡಿನಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲವಂತೆ, ತುಳಶೀಬಾಗಿನ ಪೇಟೆಯ ಮಾತು ಕೇಳುವುದೇ ಬೇಡ. ನಾನು ಈ ಸಲ ಆ ಕಡೆ ಹೋಗಿಲ್ಲ. ಮನೆಯ ಧೂಳು ಹೊಡೆಯುತ್ತ, ಬೇಡವಾದ ಸಾಮಾನನ್ನೆಲ್ಲ ಒಂದು ಕೋಣೆಯಲ್ಲಿ ಒಟ್ಟಿ, ಬೆಳಗಿನ ಬಿಸಿಲು ಬರುವ ಹೊತ್ತಿಗೆ ಫೋಟೊ ತೆಗೆದು ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕುತ್ತಿದ್ದೇನೆ. ಮಗಳ ಓದುವ ಮೇಜು ಇವತ್ತು ಹೋಯಿತು.

ತಗೊಂಡು ಹೋದವನು ವಿಜಯಪುರದ ಕಡೆಯ ಹುಡುಗ. ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಗೆಳೆಯರ ಜೊತೆ ಬಾಡಿಗೆ ಮನೆ. ಮೆಸೇಜುಗಳೆಲ್ಲ ಹಿಂದಿಯಲ್ಲೇ ನಡೆದಿದ್ದವು. ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ "ಬಂದೀನಿ, ನೋಡಿ ಹೇಳ್ತೀನಿ" ಅಂದದ್ದು ಕೇಳಿಸಿತು. "ಒಳಗ ಬಾರಪ್ಪಾ" ಅಂದೆ. ಮುಖ ಅರಳಿಸಿಕೊಂಡು, "ಅಕ್ಕಾರ, ನೀವೂ ನಮ್ಮ ಕಡೆಯವ್ರೇನ್ರಿ?" ಅಂದ. ಚಪ್ಪಲಿ ಬಿಟ್ಟವನೇ ಸೀದಾ ಮೇಜಿನ ಬಲಮೂಲೆಗೆ ಹೋಗಿ ಕೆಳಗಿನಿಂದ ಕೈಯಾಡಿಸಿ ನೋಡಿದ. "ಮೂಲಿ ಉಬ್ಬೇದ ಅಂತ ನೀವಽ ಬರದಿದ್ರಿ. ಅದಕ್ಕಽ ಬಂದೆ ನೋಡ್ರಿ. ಉಳಿದವ್ರು ಯಾರೂ ಹಂಗ ಬರಿಯಂಗಿಲ್ಲ."

ಆ ಮಾತು ಕೇಳಿ ಮನಸ್ಸು ತುಂಬಿತು. ಹಳೆಯ ಸಾಮಾನು ಮಾರುವಾಗ ಅದರ ಊನವನ್ನೇ ಮುಂದಿಡಬೇಕು ಅನ್ನುವುದು ನನ್ನ ಹಟ. ನೀರು ಬಿದ್ದು ಉಬ್ಬಿದ ಮೂಲೆಗೆ ಟೇಪು ಹಿಡಿದು ಫೋಟೊ ತೆಗೆದಿದ್ದೆ. ಉದ್ದ 4 ಅಡಿ, ಅಗಲ 2 ಅಡಿ, ಎತ್ತರ 30 ಇಂಚು, ಬೆಲೆ 1,500 ಅಂತ ಬರೆದಿದ್ದೆ. ಇಷ್ಟು ಬರೆದರೆ ಸುಮ್ಮನೆ "ಲಾಸ್ಟ್ ಪ್ರೈಸ್ ಎಷ್ಟು" ಅಂತ ಕೇಳಿ ಮಾಯವಾಗುವವರು ಕಡಿಮೆ, ಬರುವವರು ಕೊಳ್ಳಲಿಕ್ಕೇ ಬರುತ್ತಾರೆ. ಊನ ಮುಚ್ಚಿಟ್ಟು ಹೆಚ್ಚಿನ ಬೆಲೆ ಹಾಕಿದವರ ಮನೆಯಲ್ಲಿ ಚೌಕಾಸಿ ಬಾಗಿಲಲ್ಲೇ ಶುರುವಾಗುತ್ತದೆ. ಟೆಂಪೊ ಕೆಳಗೆ ನಿಂತಿರುತ್ತದೆ, ಇಬ್ಬರ ಮನಸ್ಸೂ ಕೆಡುತ್ತದೆ.

ಇಂಥ ವ್ಯಾಪಾರಕ್ಕೆ ಪುಣೆಯಷ್ಟು ಹೇಳಿಮಾಡಿಸಿದ ಊರು ಸಿಗುವುದು ಕಷ್ಟ. ಇಲ್ಲಿಯ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಅದು ಮುಗಿಯುತ್ತಲೇ ಬಾಡಿಗೆ ಏರುತ್ತದೆ, ಇಲ್ಲವೆ ಕಂಪನಿ ಬದಲಾಗುತ್ತದೆ, ಖರಾಡಿಯವರು ಬಾಣೇರಿಗೆ, ಬಾಣೇರಿನವರು ಬೆಂಗಳೂರಿಗೆ ಹೊರಡುತ್ತಾರೆ. ಹೊರಡುವ ವಾರದಲ್ಲಿ ಅವರಿಗೆ ಮಂಚ, ಫ್ರಿಜ್, ಕಪಾಟು ಎಲ್ಲವೂ ಭಾರ. ಕೊಳ್ಳುವವರು ತಿಂಗಳ ಕೊನೆಯ ವಾರದಲ್ಲಿ ಹುಡುಕಬೇಕು, ಬೆಲೆ ಇಳಿಯುವುದು ಆಗಲೇ. ಬುಧವಾರ, ಭಾನುವಾರ ಸೇರುವ ಜೂನಾ ಬಜಾರಿನಲ್ಲಿ ಹಳೆಯ ಸಾಮಾನು ಕೊಳ್ಳುವವರ ಕಣ್ಣು ಎಷ್ಟು ಚುರುಕು! ಫೋನು ಹಿಡಿದಾಗಲೂ ಅಷ್ಟೇ ಚುರುಕು ಬೇಕು.

ಮುಖ್ಯವಾಗಿ ಮರದ ವಿಷಯದಲ್ಲಿ. ಈಗ ಅಗ್ಗಕ್ಕೆ ಸಿಗುವ ಮೇಜು-ಕಪಾಟುಗಳಲ್ಲಿ ಬಹಳಷ್ಟು ಪಾರ್ಟಿಕಲ್ ಬೋರ್ಡಿನವು. ಮರದ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಮೇಲೊಂದು ತೆಳ್ಳಗಿನ ಹಾಳೆ. ಫೋಟೊದಲ್ಲಿ ಸಾಗವಾನಿಯ ಹಾಗೆಯೇ ಕಾಣುತ್ತದೆ. ಒಮ್ಮೆ ನೀರು ಹೀರಿ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಸ್ಕ್ರೂ ಬಿಚ್ಚಿ ಜೋಡಿಸಿದ ಪ್ರತಿ ಸಲ ತೂತು ಸಡಿಲಾಗುತ್ತದೆ. ಆದ್ದರಿಂದ "ಎಷ್ಟು ಸಲ ಬಿಚ್ಚಿ ಜೋಡಿಸಿದ್ದೀರಿ?" ಅಂತ ಕೇಳುವುದನ್ನು ಬಿಡಬಾರದು. ಅಂಚಿನ ಪಟ್ಟಿ ಎದ್ದಿದೆಯಾ, ತಳ ಹೇಗಿದೆ ಅನ್ನುವ ಫೋಟೊ ತರಿಸಿಕೊಳ್ಳಬೇಕು. ಗಟ್ಟಿ ಮರದ್ದಾದರೆ, ಕಬ್ಬಿಣದ ಕಪಾಟಾದರೆ ಬಣ್ಣ ಹೋದರೂ ಚಿಂತೆಯಿಲ್ಲ, ಕಣ್ಣು ಮುಚ್ಚಿ ತಗೊಳ್ಳಬಹುದು ಅನ್ನುವಷ್ಟು ಧೈರ್ಯ ನನಗಿದೆ.

ಇನ್ನು ಸಾಗಣೆ. ಹುಡುಗ ಛೋಟಾ ಹಾಥಿ ಅನ್ನುವ ಸಣ್ಣ ಟೆಂಪೊ ಮಾಡಿಕೊಂಡು ಬಂದಿದ್ದ. ವಾಕಡ್‌ಗೆ 700 ರೂಪಾಯಿ, ಮೆಟ್ಟಿಲ ಕೂಲಿ ಬೇರೆ. ಅವನ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಗೇಟ್‌ಪಾಸ್ ಇಲ್ಲದೆ ಸಾಮಾನು ಒಳಗೆ ಬಿಡುವುದಿಲ್ಲ, ಸಂಜೆಯ ಮೇಲೆ ಲಿಫ್ಟು ಕೊಡುವುದಿಲ್ಲ. ಮೇಜಿನ ಬೆಲೆಯ ಅರ್ಧದಷ್ಟು ದಾರಿಗೇ ಹೋಯಿತು. ಅದನ್ನು ಮೊದಲೇ ಕೂಡಿಸಿ ನೋಡಿ ಬಂದಿದ್ದನಂತೆ, ಜಾಣ. ದೂರದ ಅಗ್ಗಕ್ಕಿಂತ ಪಕ್ಕದ ಬೀದಿಯ ಸ್ವಲ್ಪ ದುಬಾರಿಯೇ ಲೇಸು.

ದುಡ್ಡು ಯುಪಿಐಯಲ್ಲಿ ಬಂತು. ಅವನು ಹೋದ ಮೇಲೆ, ಇದೇ ಮೇಜಿಗೆ ವಾರದ ಹಿಂದೆ ಬಂದಿದ್ದ ಇನ್ನೊಂದು ಕರೆ ನೆನಪಾಯಿತು. ತಾನು ಸೈನ್ಯದಲ್ಲಿದ್ದೇನೆ, ಮೇಜು ನೋಡುವ ಅಗತ್ಯವಿಲ್ಲ, ಪೂರ್ತಿ ಹಣ ಈಗಲೇ ಹಾಕುತ್ತೇನೆ, ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ನಾನು ಫೋನಿಟ್ಟೆ. ಪಿನ್ ಒತ್ತುವುದು ಹಣ ಕೊಡಲಿಕ್ಕೆ. ಪಡೆಯಲಿಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಮಾರುವವರೇ ಈ ಬಲೆಗೆ ಹೆಚ್ಚು ಬೀಳುತ್ತಾರೆ, ಅದರಲ್ಲೂ ಮೊದಲ ಸಲ ಮಾರುವ ಹಿರಿಯರು. ಅದಕ್ಕೇ ಕೈಮುಗಿದು ಹೇಳುತ್ತೇನೆ, ನಿಮ್ಮ ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ. ಯುಪಿಐಯಲ್ಲಿ ಒಬ್ಬರು ಇನ್ನೊಬ್ಬರಿಂದ ಹಣ ಬೇಡುವ 'ಕಲೆಕ್ಟ್' ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಒಳ್ಳೆಯದಾಯಿತು. ಆದರೆ ಕ್ಯೂಆರ್ ಕಳಿಸಿ ಮೋಸ ಮಾಡುವ ದಾರಿ ಇನ್ನೂ ಇದೆ. ಹಣ ಹೋದದ್ದು ಗೊತ್ತಾದ ಗಳಿಗೆಯಲ್ಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು, ನಾಳೆ ನೋಡೋಣ ಅನ್ನಬಾರದು.

ಮಧ್ಯಾಹ್ನ ಊಟವಾದ ಮೇಲೆ ನಾದಿನಿಯ ಫೋನು. ಹಬ್ಬಕ್ಕೆ ಇಳಕಲ್ ಸೀರೆ ಬೇಕು, ಆನ್‌ಲೈನಿನಲ್ಲಿ 600 ರೂಪಾಯಿಗೆ ಕೈಮಗ್ಗದ್ದೇ ಸಿಗುತ್ತಿದೆ, "ವೈನೀ, ತಗೊಳ್ಳಲೇನು?" ಅಂತ ಲಿಂಕು ಕಳಿಸಿದಳು. ಚೆಂದದ ಫೋಟೊ, ಕೆಂಪು ಸೆರಗು, ಬಿಳಿ ಪಟ್ಟೆ, ಹುಡುಗಿಯ ಮೂಗಿನಲ್ಲಿ ನತ್ತು. ಒಂದು ಕಡೆಯೂ ಹಿಂಬದಿಯ ಫೋಟೊ ಇಲ್ಲ.

ಇಳಕಲ್ಲಿನ ಗುಟ್ಟು ಇರುವುದೇ ಸೆರಗು ಒಡಲಿಗೆ ಕೂಡುವ ಜಾಗದಲ್ಲಿ. ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಟೋಪ್ ತೆನಿ ಅನ್ನುವ ಕೆಂಪು-ಬಿಳಿ ಪಟ್ಟೆಯ ಸೆರಗಿಗೆ ಹಾಗೆ ಕೊಂಡಿ ಹಾಕುವಾಗ ಹಾಸನ್ನು ಒಂದೊಂದು ಸೀರೆಗೇ ಹೂಡಬೇಕು. ಎಷ್ಟೋ ಸೀರೆಗೆ ಆಗುವಷ್ಟು ಉದ್ದದ ಹಾಸು ಒಟ್ಟಿಗೆ ಹೂಡಿ ನೇಯುತ್ತ ಹೋಗುವಂತಿಲ್ಲ. ಆ ಕೆಲಸಕ್ಕೆ ಮನೆಮಂದಿಯೆಲ್ಲ ಕೂಡುತ್ತಾರೆ. ಈ ಸೀರೆಗೆ ಊರಿನ ಹೆಸರು ಕಾಯುವ ಭೌಗೋಳಿಕ ಗುರುತು (ಜಿಐ) ಇದೆ. 600 ರೂಪಾಯಿಗೆ ಆ ಕೆಲಸ ಆಗುವುದಿಲ್ಲ, ಆಗಲೂಬಾರದು. ಕೂಡುವ ಜಾಗದ ಹಿಂಬದಿಯನ್ನು ಬೆಳಕಿಗೆ ಹಿಡಿದ ಒಂದು ಫೋಟೊ ಸಾಕು, ಕೊಂಡಿ ಇದೆಯೋ ಇಲ್ಲವೋ ತಿಳಿದುಹೋಗುತ್ತದೆ. ಕಸೂತಿಯದೂ ಹೀಗೆಯೇ. ಗವಂತಿ, ಮುರ್ಗಿ ಹೊಲಿಗೆ ಹಾಕಿದ ಕೈಕಸೂತಿಗೆ ಗಂಟು ಇರುವುದಿಲ್ಲ, ಒಳಗೂ ಹೊರಗೂ ಒಂದೇ ರೂಪ. ಯಂತ್ರದ್ದಾದರೆ ಹಿಂದೆ ಬೇರೆ ದಾರ, ಎಳೆದ ಎಳೆ, ಕೆಲವೊಮ್ಮೆ ಅಂಟಿಸಿದ ಬಿಳಿ ಹಾಳೆ.

ಅವಳಿಗೆ ಅಂದೆ, "ಸೆರಗಿನ ಹಿಂಬದಿ ತೋರಿಸ್ರಿ ಅಂತ ಅವರಿಗೆ ಬರಿ. ತೋರಸ್ಲಿಲ್ಲ ಅಂದ್ರ ಬಿಟ್ಟುಬಿಡು." ಬರೆದಳು. ಉತ್ತರವಾಗಿ ಅದೇ ಹುಡುಗಿಯ ಇನ್ನೊಂದು ಫೋಟೊ ಬಂತು.

ಮಿಲ್ಲಿನ ಸೀರೆ ಉಡಬಾರದು ಅಂತ ನಾನು ಹೇಳುವುದಿಲ್ಲ. ದಿನಾ ಉಡಲಿಕ್ಕೆ, ಒಗೆಯಲಿಕ್ಕೆ ಅದೇ ಅನುಕೂಲ. ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ಹೆಸರಿನಲ್ಲಿ ಇಲ್ಲಿ ದಿಂಬಿನ ಕವರು, ತೋರಣ ಎಲ್ಲ ಬರುತ್ತವೆ. ಪಾಲಿಯೆಸ್ಟರಿನವಾದರೂ ಬಾಗಿಲಿಗೆ ಕಟ್ಟಿದರೆ ಹಬ್ಬದ ಕಳೆ ಬರುತ್ತದೆ, ನಾನೂ ಕಟ್ಟಿದ್ದೇನೆ. ಆದರೆ ಅದನ್ನು ಅದರ ಹೆಸರಿನಲ್ಲೇ ಮಾರಲಿ. ಕೈಮಗ್ಗ ಅಂತ ಹೇಳಿ ಮಾರಿದರೆ ಕೊಂಡವರಿಗೂ ಮೋಸ, ಮಗ್ಗದ ಮುಂದೆ ಕೂತವರಿಗೂ ಮೋಸ. ಬಂದ ಸೀರೆಯ ಮೇಲೆ ಅನುಮಾನವಿದ್ದರೆ ಅಂಚಿನ ಒಂದೆಳೆ ಸುಟ್ಟು ನೋಡಿ: ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪೊಟ್ಟಣ ಒಡೆಯುವಾಗ ವಿಡಿಯೊ ಮಾಡಿಟ್ಟಿದ್ದರೆ ವಾಪಸು ಕಳಿಸಲು ಜಗಳ ಬೇಕಿಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರಾಟ ತಾಣದವರು ದೂರು ಮುಟ್ಟಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ನಾದಿನಿಗೆ ಅವಸರವಾಗಲು ಇನ್ನೊಂದು ಕಾರಣ, "ಎರಡೇ ಉಳಿದಿವೆ" ಅಂತ ಮಿಣುಕುತ್ತಿದ್ದ ಕೆಂಪಕ್ಷರ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಇಂಥ 13 ತಂತ್ರಗಳನ್ನು 2023ರ ನವೆಂಬರಿನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೆಸರಿಸಿ ನಿಷೇಧಿಸಿದೆ. ಇನ್ನೂ ನಡೆದೇ ಇವೆ. ನಾನು ಬುಟ್ಟಿಗೆ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆಯೂ ಬೇಕು ಅನ್ನಿಸಿದರೆ ಮಾತ್ರ ಕೊಳ್ಳುತ್ತೇನೆ.

ಬಟ್ಟೆ ಮಾರುವವರಿಗೆ ಒಂದೇ ಮಾತು. ಎಂ, ಎಲ್ ಅಂತ ಬರೆದು ಕೈಬಿಡಬೇಡಿ, ಒಂದೊಂದು ಕಂಪನಿಯ ಎಲ್ ಒಂದೊಂದು ಅಳತೆ. ಕುರ್ತಿಯನ್ನು ಹಾಸಿಗೆಯ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಇಮ್ಮಡಿ ಮಾಡಿ ಬರೆಯಿರಿ, ಉದ್ದವನ್ನೂ ಬರೆಯಿರಿ. ಹೊಸ ಬಟ್ಟೆಯ ಬೆಲೆಯನ್ನೂ ನೋಡಿಕೊಳ್ಳಿ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಯವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5 ಮಾತ್ರ. ಮೊದಲು ಸಾವಿರ ದಾಟಿದರೆ ಶೇ. 12 ಇತ್ತು. ಹೊಸದೇ ಅಗ್ಗವಾದರೆ ಹಳೆಯದಕ್ಕೆ ಹಿಂದಿನ ಬೆಲೆ ಕೇಳಿದರೆ ಯಾರು ಕೊಡುತ್ತಾರೆ?

ವಿಜಯಪುರದ ಹುಡುಗ ಸಂಜೆ ಮತ್ತೆ ಮೆಸೇಜು ಮಾಡಿದ್ದಾನೆ, ಮೇಜು ಕೂತಿದೆ ಅಂತ, ಈ ಸಲ ಕನ್ನಡದಲ್ಲಿ. ಅವನ ಸೊಸೈಟಿಯಲ್ಲೇ ಒಬ್ಬರು ಮಂಚ-ಗಾದಿ ಸೇರಿಸಿ ಮಾರುತ್ತಿದ್ದಾರಂತೆ. ಮಂಚ ತಗೋ, ಗಾದಿ ಮಾತ್ರ ಬೇಡ ಅಂತ ಬರೆದೆ. ಮಂಚದ ಸಂದುಗಳಿಗೆ ಟಾರ್ಚು ಬಿಟ್ಟು ನೋಡು, ಕಪ್ಪು ಚುಕ್ಕೆ ಕಂಡರೆ ತಿಗಣೆ, ಹಾಗೇ ಎದ್ದು ಬಾ. ಗಾದಿ ಹೊಸದನ್ನೇ ಮಾಡಿಸು.

ನಾಳೆ ಹಾಕುವುದು: 5 ಲೀಟರಿನ ಕುಕ್ಕರ್, ರಬ್ಬರು ಬದಲಿಸಬೇಕು, 7 ಅಡಿಯ ಎರಡು ಪರದೆ, ಒಂದಕ್ಕೆ ಕೆಳಗೆ ಇಸ್ತ್ರಿಯ ಕಲೆ ಇದೆ. ಕೊಥ್ರೂಡಿನಿಂದ ನೀವೇ ಬಂದು ಒಯ್ಯಬೇಕು, ಬಂದವರಿಗೆ ಚಹಾ ಇದ್ದೇ ಇದೆ.