ತಟ್ಟೆ ಮಗುಚಿ ನೋಡುವ ಊರಿನವರು

ಮೊನ್ನೆ ಪಕ್ಕದ ಮನೆಯಾಕೆ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಕೂತವರೇ ಎದುರಿಗಿದ್ದ ಸ್ಟೀಲ್ ತಟ್ಟೆಯನ್ನು ಎತ್ತಿ, ಮಗುಚಿ, ತಳ ನೋಡಿದರು. ಸರಿಯಾಗಿ ತೊಳೆದಿಲ್ಲವೇನೋ ಅಂತ ನನಗೆ ಮುಜುಗರ. ಹಾಗೇನಿಲ್ಲ, ಅವರು ಹುಟ್ಟಿ ಬೆಳೆದದ್ದು ಸ್ಟೋಕ್-ಆನ್-ಟ್ರೆಂಟ್‌ನಲ್ಲಿ, ಇಂಗ್ಲೆಂಡಿನ ಪಿಂಗಾಣಿ ಊರು ಅದು. ಅಲ್ಲಿನವರು ಹೋಟೆಲಿಗೆ ಹೋಗಲಿ, ಮದುವೆಗೆ ಹೋಗಲಿ, ಊಟಕ್ಕಿಂತ ಮೊದಲು ತಟ್ಟೆ ಮಗುಚಿ ಯಾರು ಮಾಡಿದ್ದು ಅಂತ ನೋಡುತ್ತಾರಂತೆ. ಸ್ಟೀಲ್ ಆದರೂ ಕೈ ಸುಮ್ಮನಿರಲಿಲ್ಲ.

ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರಗಳು ಕಂಡವು. "ಇದು ಮಾಡಿದವರ ಹೆಸರಾ?" ಅಂತ ಕೇಳಿದರು. ಅಲ್ಲ, ಮದುವೆಗೆ ಸೋದರತ್ತೆ ಮುಯ್ಯಿ ಕೊಟ್ಟದ್ದು, ಅವರ ಹೆಸರು ಮತ್ತು ತಾರೀಕು ಅಂದೆ. ನಕ್ಕುಬಿಟ್ಟರು. "ಕೊಟ್ಟವರ ಹೆಸರಿದೆ, ಮಾಡಿದವರದ್ದೇ ಇಲ್ಲವಲ್ಲ!"

ತಮಾಷೆಗೇ ಅಂದದ್ದು. ಆದರೂ ಸ್ವಲ್ಪ ಚುಚ್ಚಿತು. ನಾನೂ ಬಿಡಲಿಲ್ಲ. ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಕೊಂಡ ಒಂದು ಹಳೆಯ ಪಿಂಗಾಣಿ ಕಪ್ಪು ಕಪಾಟಿನಲ್ಲಿತ್ತು, ತಂದು ಅವರ ಕೈಗಿಟ್ಟೆ. ನಿಮ್ಮ ಊರಿನದ್ದೇ ಇರಬೇಕು, ಇದರಲ್ಲೂ ಹೆಸರಿಲ್ಲ, ಹೇಳಿ ನೋಡೋಣ ಅಂದೆ.

ಊಟ ತಣ್ಣಗಾಯಿತು.

ಮೊದಲು ಮೊಬೈಲ್ ಟಾರ್ಚ್ ಹಿಡಿದರು. ಬೆಳಕು ಆಚೆ ಬಂತು, ಅಂದರೆ ಬರೀ ಮಣ್ಣಿನ ಸಾಮಾನಲ್ಲ, ಪಿಂಗಾಣಿಯೇ. ಬೆಳಕು ಬೆಚ್ಚಗಿನ ಬಿಳಿ, ಆದ್ದರಿಂದ ಬೋನ್ ಚೈನಾ ಅಂದರು. ಸುಮಾರು ಅರ್ಧದಷ್ಟು ದನದ ಮೂಳೆಯ ಬೂದಿ ಸೇರಿಸಿ ಮಾಡುವ ಜೇಡಿ ಅದು, 1790ರ ದಶಕದಲ್ಲಿ ಸ್ಟೋಕ್‌ನಲ್ಲೇ ಸ್ಪೋಡ್ ಮನೆತನದವರು ಹದಕ್ಕೆ ತಂದದ್ದು. ಜರ್ಮನಿಯ ಮೈಸೆನ್‌ನಲ್ಲಿ 1710ರಿಂದ ಮಾಡುತ್ತಿದ್ದ ಗಟ್ಟಿ ಪಿಂಗಾಣಿಯಲ್ಲಿ ಮೂಳೆ ಇಲ್ಲ, ಅದರ ಬಿಳುಪು ಸ್ವಲ್ಪ ತಣ್ಣಗಿರುತ್ತದೆ. ನಂತರ ಹಿಡಿ ನೋಡಿದರು. ಮೂಲೆ ಮೂಲೆಯಾಗಿ ತಿರುಗಿದ ಹಿಡಿ. ಲಂಡನ್ ಶೇಪ್ ಅನ್ನುತ್ತಾರಂತೆ, 1812ರ ಸುಮಾರಿಗೆ ಬಂದದ್ದು, ಬಂದ ಕೂಡಲೇ ಎಲ್ಲ ಕಾರ್ಖಾನೆಗಳೂ ನಕಲು ಹೊಡೆದವು. ಹಾಗಾಗಿ ಹಿಡಿಯಿಂದ ಕಾಲ ಸಿಗುತ್ತದೆ, ಮಾಡಿದವರು ಸಿಗುವುದಿಲ್ಲ.

ಇಂಗ್ಲೆಂಡ್ ಅಂತ ಬರೆದಿಲ್ಲ, ಹಾಗಾದರೆ 1891ಕ್ಕಿಂತ ಹಳೆಯದು ಅಲ್ವಾ ಅಂತ ನಾನು ಓದಿದ್ದನ್ನು ಒಪ್ಪಿಸಿದೆ. ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಲ್ಲಿ ಕಾನೂನಾಗಿತ್ತು. "ಅಮೆರಿಕಕ್ಕೆ ಹೋಗುವುದಕ್ಕೆ ತಾನೇ? ಇಲ್ಲೇ ಮಾರುವುದಕ್ಕೆ ಯಾಕೆ ಬರೆಯುತ್ತಾರೆ?" ಅಂದರು. ಮಾತು ಸರಿ. ತಳದಲ್ಲಿ ಕಾರ್ಖಾನೆಯ ಮುದ್ರೆ ಇಲ್ಲದ್ದೆಲ್ಲ ಹಳೆಯದೂ ಅಲ್ಲ, ಕಳಪೆಯೂ ಅಲ್ಲ. ಎಷ್ಟೋ ಸೆಟ್‌ಗಳಲ್ಲಿ ಟೀಪಾಟ್ ಒಂದಕ್ಕೇ ಮುದ್ರೆ ಹಾಕುತ್ತಿದ್ದರು. ಸೆಟ್ ಒಡೆದು ಚದುರಿದ ಮೇಲೆ ಕಪ್ಪುಗಳು ಅನಾಥ. ಅಂಗಡಿಯವರಿಗೂ ಕಾರ್ಖಾನೆಯ ಹೆಸರು ಇಲ್ಲದಿದ್ದರೇ ಅನುಕೂಲ, ಗಿರಾಕಿ ನೇರವಾಗಿ ಅಲ್ಲಿಗೇ ಹೋಗಿಬಿಟ್ಟರೆ?

ಕಪ್ಪಿನ ತಳದಲ್ಲಿ ಕೆಂಪು ಬಣ್ಣದಲ್ಲಿ ಕೈಯಲ್ಲಿ ಬರೆದ ಒಂದು ಸಂಖ್ಯೆ ಇದೆ, ಭಿನ್ನರಾಶಿಯ ಹಾಗೆ ಮೇಲೆ 2. ಅದು ಪ್ಯಾಟರ್ನ್ ನಂಬರ್, ಅಂದರೆ ಮೇಲಿನ ಚಿತ್ರ ಯಾವುದು ಅಂತ ಗುರುತಿಸುವ ಸಂಖ್ಯೆ. ಪಕ್ಕದಲ್ಲಿ ಒಂದು ಸಣ್ಣ ಗೀಟು. ಅದನ್ನು ನೋಡಿ ಅವರ ದನಿ ಬದಲಾಯಿತು. ಅವರ ಚಿಕ್ಕಮ್ಮ ಇಂಥದೇ ಕಾರ್ಖಾನೆಯಲ್ಲಿ ಹೂ ಬಿಡಿಸುವ ಕೆಲಸದಲ್ಲಿದ್ದರಂತೆ. ಬಿಡಿಸಿದ ತಟ್ಟೆಗೆ ಇಷ್ಟು ಅಂತ ಕೂಲಿ. ಯಾರ ಕೆಲಸ ಎಷ್ಟು ಅಂತ ಲೆಕ್ಕ ತಿಳಿಯಲು ಒಬ್ಬೊಬ್ಬರದ್ದೂ ಒಂದೊಂದು ಗುರುತು, ಚುಕ್ಕೆಯೋ ಗೀಟೋ. ಮುದ್ರೆಯಲ್ಲಿ ಇರುತ್ತಿದ್ದದ್ದು ಯಜಮಾನನ ಹೆಸರು. "ನನ್ನ ಚಿಕ್ಕಮ್ಮನ ಹೆಸರು ಯಾವ ತಟ್ಟೆಯಲ್ಲೂ ಇಲ್ಲ" ಅಂದರು.

ಹಾಗಾದರೆ ನನ್ನ ತಟ್ಟೆಗೆ ನಕ್ಕಿದ್ದು ಯಾಕೆ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಯಾಕೆಂದರೆ ಪಾತ್ರೆ ಅಂಗಡಿ ನೆನಪಾಗಿತ್ತು. ಮದುವೆ ಕಾಲದಲ್ಲಿ ಅಪ್ಪನ ಜೊತೆ ಹೋದರೆ ಹೆಸರು ಹಾಕುವವನ ಮುಂದೆ ಸಾಲು. ಕಿವಿ ತೂತಾಗುವ ಟರ್ರ್ ಸದ್ದು. ಅಪ್ಪ ಚೀಟಿಯಲ್ಲಿ ಬರೆದುಕೊಟ್ಟು, ದೀರ್ಘ ಬಿಟ್ಟೀಯಪ್ಪಾ, ಶ್ರೀಮತಿ ಮೊದಲು ಹಾಕು, ಅಂತ ಎದುರಿಗೇ ನಿಂತಿರುತ್ತಿದ್ದರು. ಕೊಟ್ಟವರ ಹೆಸರು ತಪ್ಪಾದರೆ ಸಂಬಂಧವೇ ಕೆಡುವ ಭಯ. ಆ ಬಿಂದಿಗೆಯನ್ನು ಬಡಿದವರು ಯಾರು, ಯಾವ ಊರಲ್ಲಿ ಮಾಡಿದ್ದು ಅಂತ ಅಂಗಡಿಯಲ್ಲಿ ಯಾರೂ ಕೇಳಿದ್ದು ನಾನು ಕಂಡಿಲ್ಲ. ಈಗಲೂ ಅಮ್ಮನಿಗೆ ಫೋನ್ ಮಾಡಿ ಯಾವ ಪಾತ್ರೆ ಯಾರ ಮುಯ್ಯಿ ಅಂತ ಕೇಳಿ, ಮೂರು ತಲೆಮಾರಿನದ್ದು ಹೇಳುತ್ತಾರೆ. ಮನೆಯ ಕಂಚಿನ ತಂಬಿಗೆ ಯಾರ ಕೈಯದ್ದು ಅಂದರೆ, "ಅಂಗಡೀದು ಕಣೇ, ಇನ್ಯಾರದ್ದು?"

ಕಪ್ಪಿನ ಜಗಳ ಮುಗಿದಿಲ್ಲ. ಪಕ್ಕದ ಮನೆಯಾಕೆ ಅದು ರಿಡ್ಜ್‌ವೇ ಕಾರ್ಖಾನೆಯದ್ದು ಅಂತ ಹಟ ಹಿಡಿದಿದ್ದಾರೆ, ಅವರು ಸಂಖ್ಯೆಯ ಮೇಲೆ 2 ಹಾಕುತ್ತಿದ್ದರು ಅಂತ. ಕೋಲ್‌ಪೋರ್ಟ್ ಕಾರ್ಖಾನೆಯವರೂ ಹಾಕುತ್ತಿದ್ದರಲ್ಲ ಅನ್ನುವುದು ನನ್ನ ವಾದ. ಹಿಡಿ, ಸಂಖ್ಯೆ, ಚಿತ್ರ ಮೂರೂ ಹೊಂದುವ, ಮುದ್ರೆ ಇರುವ ಇನ್ನೊಂದು ತುಣುಕು ಸಿಗುವವರೆಗೆ ನಾನಂತೂ ಒಪ್ಪುವುದಿಲ್ಲ. ಶನಿವಾರ ಇಬ್ಬರೂ ಅದೇ ಅಂಗಡಿಗೆ ಹೋಗುತ್ತಿದ್ದೇವೆ, ಸಾಸರ್ ಏನಾದರೂ ಉಳಿದಿದೆಯಾ ನೋಡಲು.